ಜೂನ್ ಒಂದರಂದು ಹುಟ್ಟಿದವರು

ಕಾರವಾರ-ಅಂಕೋಲಾ ಬಸ್ಸಿನ ಕಂಡಕ್ಟರಾಗಿ ನಾನು ಐವತ್ತು ಸೀಟಿನ ಗಾಡಿಯಲ್ಲಿ ತೊಂಬತ್ತು ಜನರನ್ನು ಹಿಡಿಸಿದವನು. ಅಂಥವನಿಗೆ ಒಂದು ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಯುವುದು ಯಾವ ಮಹಾ ಕೆಲಸ ಎಂದು ಒಪ್ಪಿಕೊಂಡೆ. ಮನುಷ್ಯ ಹಾಳಾಗುವುದು ಹೀಗೆ ಒಪ್ಪಿಕೊಂಡಾಗಲೇ!

ಹಲಗೆ ಬಾಳೆಗುಳಿಯ ನಮ್ಮ ವಾಚನಾಲಯದ್ದು. ಅಲ್ಲಿ ಕೆಲಸಕ್ಕಿದ್ದವಳು ನನ್ನ ಹೆಂಡತಿ ಸುಮಿತ್ರಾ. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಜಗಲಿಯ ಹಲಗೆಯಲ್ಲಿ 'ಈ ದಿನ' ಎಂದು ಬರೆಯುತ್ತಿದ್ದಳು. ಇಂದು ಚರಿತ್ರೆಯಲ್ಲಿ ಏನಾಯಿತು, ಯಾರು ಹುಟ್ಟಿದರು, ತಿಳಿದಿರಬೇಕಾದ ಒಂದು ಸಂಗತಿ. ಕೊನೆಗೆ ತಪ್ಪದೆ ಒಂದು ಸಾಲು: 'ಉಳಿದದ್ದು ನಾಳೆ. ಬಂದು ಓದಿ.' ಫೆಬ್ರವರಿ ಇಪ್ಪತ್ತೆಂಟು, ರಾಷ್ಟ್ರೀಯ ವಿಜ್ಞಾನ ದಿನದಂದೂ ಹಾಗೆಯೇ ಬರೆದಳು. ಮಧ್ಯಾಹ್ನ ಊಟಕ್ಕೆ ಬಂದವಳು ಎದೆ ನೋವೆಂದು ಗೋಡೆಗೆ ಒರಗಿ ಕುಳಿತಳು. ಮತ್ತೆ ಏಳಲಿಲ್ಲ.

ನಾಳೆ ಬಂದು ಓದಿದವರಿಗೆ ಹಳೆಯದೇ ಸಿಕ್ಕಿತು. ಯಾರಿಗೂ ಅದನ್ನು ಒರೆಸಲು ಮನಸ್ಸಾಗಲಿಲ್ಲ. ನಮ್ಮ ಊರಿನಲ್ಲಿ ಮೂರು ತಿಂಗಳು ವಿಜ್ಞಾನ ದಿನವೇ ನಡೆಯಿತು. ನಾನು ದಿನಾ ಸಂಜೆ ಹೋಗಿ ಆ ನಾಲ್ಕು ಸಾಲು ಓದಿ ಬರುತ್ತಿದ್ದೆ.

ಮೇ ಕೊನೆಗೆ ವಾಚನಾಲಯದ ಅಧ್ಯಕ್ಷ ಬೀರಣ್ಣ ಮನೆಗೆ ಬಂದ.

"ನಿಮ್ಮ ದುಃಖ ನಮಗೂ ಅದೆ, ಕಂಡಕ್ಟರಣ್ಣ. ಆದ್ರೆ ಹಲಗಿ ಹಾಗೇ ಬಿಟ್ರೆ ನಾಳೆ ಯಾರಾದ್ರೂ ನಳದ ನೋಟೀಸು ಹಚ್ತ್ರು. ಬರಿಯುದಾದ್ರೆ ನೀವೇ ಬರೀರಿ. ಇಲ್ದಿದ್ರೆ ನಾ ಒರಸ್ತೆ."

"ಒರಸ್ಬೇಡ ಮಾರಾಯಾ! ಎಡಗಡೆ ಅರ್ಧ ಅವ್ಳದ್ದು, ಹಾಗೇ ಇರ್ಲಿ. ಬಲಗಡೆ ಅರ್ಧದಲ್ಲಿ ನಾ ಬರೀತೆ. ಜೂನ್ ಒಂದರಿಂದ."

ಜೂನ್ ಒಂದಕ್ಕೆ ಕಾರಣವಿತ್ತು. ಅದು ನನ್ನ ಹುಟ್ಟಿದ ದಿನ. ಅವಳದೂ ಅದೇ! ಕಿನ್ನರ ಎಂಬ ಊರಿನ ಅವಳ ಮನೆಯಲ್ಲಿ ಮದುವೆಯ ಮಾತಾಡುವಾಗ ಇದು ತಿಳಿದು, ಬೇರೆ ಏನನ್ನೂ ಕೇಳದೆ ನಾನು ಒಪ್ಪಿಬಿಟ್ಟಿದ್ದೆ. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ದೇವರು ಇಬ್ಬರಿಗೂ ಒಂದೇ ದಿನದ ಟಿಕೆಟ್ ಹರಿದಿದ್ದಾನೆಂದರೆ ಸುಮ್ಮನೆಯೇ? ಇದನ್ನು ಮೂವತ್ತು ವರ್ಷ, ಪ್ರತಿ ಜೂನ್ ಒಂದರಂದು, ಅವಳಿಗೆ ವಿವರಿಸಿ ಹೇಳಿದ್ದೇನೆ. ಅವಳು "ಹೌದೌದು" ಎನ್ನುತ್ತ ಪಾಯಸ ಕಲಕುತ್ತಿದ್ದಳು.

ಜೂನ್ ಒಂದರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಹಲಗೆಯ ನಡುವೆ ಒಂದು ಗೆರೆ ಎಳೆದು ನನ್ನ ಭಾಗದಲ್ಲಿ ಬರೆದೆ: 'ಈ ದಿನ, ಜೂನ್ ಒಂದು. ಇಂದು ವಿಶ್ವ ಹಾಲು ದಿನ. ಇಂದಿನಿಂದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಇಂದು ಹುಟ್ಟಿದವರು: ಸುಮಿತ್ರಾ ಮತ್ತು ಅವಳ ಗಂಡ.' ಬರೆದು ನೋಡಿದೆ. ಕಣ್ಣು ತುಂಬಿತು. ಆ ಭರದಲ್ಲಿ ಇನ್ನೊಂದು ಸಾಲು ಸೇರಿಸಿದೆ: 'ಇಂದು ಹುಟ್ಟಿದವರು ಬೇರೆ ಯಾರಾದರೂ ಇದ್ದರೆ ಬಂದು ಹೆಸರು ಬರೆಸಿ ಪಾಯಸ ಕುಡಿಯಬೇಕು.'

ಬೇರೆ ಯಾರು ಇರುತ್ತಾರೆ? ಧೈರ್ಯ ಅದೇ! ಪಾಯಸ ಮಾಡಿದ್ದು ಮೂವರಿಗೆ: ನನಗೆ, ಬೀರಣ್ಣನಿಗೆ, ಪಕ್ಕದ ಮನೆಯ ದೇವಕ್ಕನಿಗೆ.

ಮೊದಲು ಬಂದವಳು ದೇವಕ್ಕನೇ. ಕೈಯಲ್ಲಿ ಆಧಾರ್ ಕಾರ್ಡು.

"ನಂದೂ ಇವತ್ತೇರಾ. ಬರ್ಕಣಿ."

ಆಶ್ಚರ್ಯದಿಂದ ಬರೆದೆ. ಹಿಂದೆಯೇ ಹಮ್ಮಣ್ಣ ಮತ್ತು ಅವನ ತಮ್ಮ ಥಾಕು. ದೋಣಿ ದಡಕ್ಕೆ ಎಳೆದು, ಮಾಡಲು ಬೇರೆ ಕೆಲಸವಿಲ್ಲದೆ ಬಂದಿದ್ದರು. ಅವರದೂ ಜೂನ್ ಒಂದು!

"ನನ್ನ ಹೆಸ್ರು ಮೇಲೆ ಬರೀರಿ, ನಾ ಅಣ್ಣ," ಎಂದ ಹಮ್ಮಣ್ಣ.

"ಮನೆಲಿ ಅಣ್ಣ. ಕಾರ್ಡಲ್ಲಿ ನಾ ಒಂದು ವರ್ಷ ದೊಡ್ಡವ," ಎಂದ ಥಾಕು. "ಇಂವ ಶಾಲಿಗೆ ಹೋಗುದಿಲ್ಲ ಹೇಳಿ ಗೇರುಮರ ಹತ್ತಿ ಕೂತಿದ್ದ. ನಾ ಮೊದ್ಲು ಸೇರ್ದೆ."

"ಶಾಲೆ ಸೇರುವುದಕ್ಕೂ ಹುಟ್ಟುವುದಕ್ಕೂ ಏನು ಸಂಬಂಧ?" ಎಂದೆ.

ಜಗಲಿಯಲ್ಲಿ ನಗೆ ಎದ್ದಿತು. ದೇವಕ್ಕ ಸೊಂಟಕ್ಕೆ ಕೈ ಕೊಟ್ಟಳು.

"ಎಂತಾ ಕಂಡಕ್ಟರಣ್ಣ, ಇಷ್ಟು ವರ್ಷ ಟಿಕೇಟು ಹರ್ದದ್ದೇ ಬಂತಾ? ಹುಟ್ಟಿದ ತಾರೀಕು ಯಾರ ಅಪ್ಪ ಬರ್ದಿಟ್ಟಿದ್ದ? ಶಾಲಿಗೆ ಹಾಕುವಾಗ ಮಾಸ್ತರ್ರು ಮುಖ ನೋಡುದು, ಆರು ವರ್ಷ ಹಿಂದೆ ಹೋಗುದು, ಜೂನ್ ಒಂದು ಹೇಳಿ ಬರಿಯುದು. ನಮ್ಮ ಪ್ರಾಯದವ್ರೆಲ್ಲಾ ಒಂದೇ ದಿನ ಹುಟ್ಟಿದವ್ರು!"

ಅಷ್ಟರಲ್ಲಿ ರಸ್ತೆಯ ಆಚೆಯಿಂದ ಇನ್ನೂ ಹನ್ನೆರಡು ಆಧಾರ್ ಕಾರ್ಡುಗಳು ಬರುತ್ತಿದ್ದವು, ಅವುಗಳ ಹಿಂದೆ ಮತ್ತಷ್ಟು.

ದುಃಖಪಡಲು ಸಮಯವಿರಲಿಲ್ಲ. ಅಕ್ಷರ ಸಣ್ಣ ಮಾಡಿದೆ. ಇನ್ನೂ ಸಣ್ಣ ಮಾಡಿದೆ. ಪಾಯಸಕ್ಕೆ ಮೊದಲು ಹಾಲು ಬೆರೆಸಿದೆ, ಆಮೇಲೆ ನೀರು. "ಇದು ಹಾಲಿನ ದಿನವಾ, ನೀರಿನ ದಿನವಾ?" ಎಂದು ಥಾಕು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಆಗ ಬೀರಣ್ಣ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಅಧ್ಯಕ್ಷನ ಹೆಸ್ರೇ ಇಲ್ವಲ್ಲರಾ! ನಂದೂ ಜೂನ್ ಒಂದೇ."

"ಜಾಗ ಇಲ್ಲ ಬೀರಣ್ಣ."

"ಜಾಗ ಇಲ್ಲ? ಕಂಡಕ್ಟರ್ರ ಬಾಯಲ್ಲಿ ಈ ಮಾತಾ!"

ಆ ಮಾತು ತಾಗಿತು. ಮೂವತ್ತು ವರ್ಷದ ಅಭ್ಯಾಸ ಒಳಗಿನಿಂದ ಎದ್ದು ನಿಂತಿತು. "ಜಾಗ ಇದೆ, ಜಾಗ ಇದೆ, ಸ್ವಲ್ಪ ಒಳಗೆ ಸರೀರಿ!" ಎಂದು ಕೂಗುತ್ತ ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆಯ ಎಡಭಾಗವನ್ನು ಮೇಲಿನಿಂದ ಕೆಳಗೆ ಚೊಕ್ಕ ಒರೆಸಿಬಿಟ್ಟೆ.

ನನ್ನ ಮೊಣಕೈಯಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು. ಮೂರು ತಿಂಗಳು ಇಡೀ ಊರು ಕೈ ಹಚ್ಚದೆ ಕಾಯ್ದದ್ದನ್ನು ಕಾವಲುಗಾರನೇ ಅಳಿಸಿದ್ದ.

"ಬರೀಬೇಡಿ ನನ್ನ ಹೆಸ್ರು," ಎಂದ ಬೀರಣ್ಣ ಮೆಲ್ಲಗೆ.

"ಇನ್ನು ಬರೆಯದೆ ಏನು?" ಎಂದು ಬರೆದೆ. ಎಲ್ಲರದೂ ಬರೆದೆ. ನಲವತ್ತೊಂದು ಹೆಸರು. ದೇವರು ನಮ್ಮಿಬ್ಬರಿಗೆ ಮಾತ್ರ ಹರಿದುಕೊಟ್ಟ ಟಿಕೆಟ್ ಎಂದುಕೊಂಡಿದ್ದೆ. ನೋಡಿದರೆ ಬಸ್ಸೇ ತುಂಬಿತ್ತು!

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಕಿನ್ನರದಿಂದ ಎರಡು ಬಸ್ಸು ಬದಲಿಸಿ ಸುಮಿತ್ರಾಳ ಅಣ್ಣ ದಾಮೋದರ ಬಂದ. ತಂಗಿಯಿಲ್ಲದ ಮೊದಲ ಜೂನ್ ಒಂದಕ್ಕೆ ನಾನು ಒಬ್ಬನೇ ಇರುತ್ತೇನೆಂದು ಬಂದಿದ್ದ. ಹಲಗೆಯನ್ನು ಬಹಳ ಹೊತ್ತು ಓದಿದ.

"ಭಾವಜಿ, ನನ್ನದೂ ಇದೇ ತಾರೀಕು. ನನಗೂ ಸುಮಿಗೂ ಒಬ್ಬರೇ ಮಾಸ್ತರ್ರು ಬರ್ದದ್ದು. ಅವ್ಳು ಖರೆ ಹುಟ್ಟಿದ್ದು ಭತ್ತ ಕೊಯ್ಯುವಾಗ."

"ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ಆಯಿ ಯಾವಾಗ್ಲೂ ಹೇಳ್ತಿದ್ಲು."

"ಮೂವತ್ತು ವರ್ಷ ನನಗೊಂದು ಮಾತು ಹೇಳಲಿಲ್ಲವಲ್ಲ!"

ದಾಮೋದರ ಪಾತ್ರೆಯ ತಳದ ಪಾಯಸವನ್ನು ಲೋಟಕ್ಕೆ ಬಗ್ಗಿಸಿಕೊಂಡ. "ಒಂದ್ಸಲ ನಾ ಕೇಳಿದ್ದೆ. 'ಅವ್ರು ಎಷ್ಟು ಖುಷೀಲಿ ಹೇಳ್ತ್ರು ಅಣ್ಣಾ, ಕೇಳ್ಲಿಕ್ಕೆ ಚಂದ ಆಗ್ತದೆ' ಅಂದ್ಲು." ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟ. "ಇದಕ್ಕೆ ಸಕ್ಕರೆ ಹಾಕಿದ್ರಾ ಭಾವಜಿ?"

ಹಾಕಿರಲಿಲ್ಲ. ನಲವತ್ತು ಜನ ಕುಡಿದು ಹೋಗಿದ್ದರು. ಒಬ್ಬರೂ ಹೇಳಿರಲಿಲ್ಲ.

ಮರುದಿನ ಹಲಗೆಯನ್ನು ಪೂರಾ ತೊಳೆದು ನಿಂತೆ. ಜೂನ್ ಎರಡರಂದು ಹುಟ್ಟಿದವರು ಯಾರೆಂದು ವಿಚಾರಿಸಿದೆ. ಯಾರೂ ಇಲ್ಲ. ಮೂರಕ್ಕೆ? ಇಲ್ಲ. ನಾಲ್ಕಕ್ಕೆ? ನಮ್ಮ ಪ್ರಾಯದವರು ವರ್ಷದ ಉಳಿದ ಯಾವ ದಿನವೂ ಹುಟ್ಟಿಯೇ ಇಲ್ಲ! ಇಡೀ ವರ್ಷದ ಸರಕನ್ನು ನಾನು ಒಂದೇ ಬೆಳಿಗ್ಗೆ ಮುಗಿಸಿ ಕುಳಿತಿದ್ದೆ. ಚರಿತ್ರೆಯಾದರೂ ಸಿಕ್ಕೀತೆಂದು ಕ್ಯಾಲೆಂಡರಿನ ಹಿಂಬದಿ ನೋಡಿದೆ. ಮೈಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂದು ಬರೆದಿತ್ತು.

ಕೊನೆಗೆ ಬರೆದೆ: 'ಈ ದಿನ, ಜೂನ್ ಎರಡು. ಯಾರೂ ಹುಟ್ಟಿಲ್ಲ. ಉಳಿದದ್ದು ನಾಳೆ. ಬಂದು ಓದಿ.'

ಹಾಲು ತರಲು ಹೊರಟಿದ್ದ ದೇವಕ್ಕ ನಿಂತು ಓದಿದಳು.

"ಉಳಿದದ್ದು ಎಂತದ್ರಾ?"

"ನನಗೂ ಗೊತ್ತಿಲ್ಲ ದೇವಕ್ಕ. ನಾಳೆ ಬಂದು ನೋಡಬೇಕು."