ಟಿವಿ ನೋಡಿ ಕೆಟ್ಟ ಅಜ್ಜ-ಅಜ್ಜಿಯರು

ವಯಸ್ಸಾದವರ ಜೊತೆ ಕೆಲಸ ಅಂದರೆ ನೆಮ್ಮದಿಯ ಕೆಲಸ ಅನ್ನುವವರು ಯಾರಾದರೂ ಸಿಕ್ಕರೆ ದಯವಿಟ್ಟು ನನ್ನ ಹತ್ತಿರ ಕಳಿಸಿ. ಅಮೆರಿಕದ ರೆಂಟನ್ ಅನ್ನುವ ಊರಿನ ಒಂದು ಹಿರಿಯರ ನಿವಾಸದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಎದೆ ಧಸಕ್ ಅನ್ನದ ವಾರ ಒಂದೂ ನೆನಪಿಲ್ಲ.

ಅಲ್ಲಿನವರಿಗೆ ಬೇಜಾರಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಬೆಳಿಗ್ಗೆ ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ, ಮಧ್ಯಾಹ್ನ ಹಾಡು ಅಥವಾ ಇಸ್ಪೀಟು, ಆಮೇಲೆ ಟಿವಿ. ಮೊದಲ ಎರಡಕ್ಕೆ ಕರೆದು ಕರೆದು ನನ್ನ ಗಂಟಲು ಒಣಗುತ್ತಿತ್ತು. ಟಿವಿಗೆ ಮಾತ್ರ ಯಾರನ್ನೂ ಕರೆಯಬೇಕಾಗಿರಲಿಲ್ಲ. ಆ ಹೊತ್ತಿಗೆ ಬ್ರಿಟನ್ನಿನ ಒಂದು ಹಳೆಯ ಹಾಸ್ಯ ಧಾರಾವಾಹಿ ಬರುತ್ತಿತ್ತು. ಕಥೆ ನಡೆಯುವುದು ಎಲ್ಲಿ ಅಂತೀರಿ? ವೃದ್ಧಾಶ್ರಮದಲ್ಲಿ! ಅಲ್ಲಿನ ಮುದುಕ ಮುದುಕಿಯರೆಲ್ಲ ಸೇರಿ ಮ್ಯಾನೇಜರನ ಪ್ರಾಣ ಹಿಂಡುವುದೇ ಕಥೆ. ನಮ್ಮವರು ಅದನ್ನು ನೋಡಿ ನಕ್ಕು ಸುಮ್ಮನಾಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅವರು ಕಲಿಯುತ್ತಿದ್ದರು.

ಕೆಂಪು ಗುಂಡಿ

ಅಲ್ಲಿ ಎಲ್ಲರ ಕೊರಳಲ್ಲೂ ತಾಳಿಯ ಹಾಗೆ ಒಂದು ಕೆಂಪು ಗುಂಡಿ ನೇತಾಡುತ್ತಿರುತ್ತದೆ. ಬಿದ್ದರೆ, ಎದೆ ನೋವು ಬಂದರೆ ಅದನ್ನು ಒತ್ತಬೇಕು. ಒತ್ತಿದ ತಕ್ಷಣ ನಾವು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು.

ನಾನು ಸೇರಿದ ಮೊದಲ ವಾರವೇ ಟಿವಿ ಕೋಣೆಯಿಂದ ಗುಂಡಿಯ ಗಂಟೆ ಬಡಿದುಕೊಂಡಿತು. ಒತ್ತಿದ್ದವರು ಹಿಂದೆ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ಅಜ್ಜಿ. ಓಡಿದೆ. ದಾರಿಯಲ್ಲಿ ಒಂದು ಹೂಕುಂಡ ಉರುಳಿಸಿದೆ. ಏದುಸಿರು ಬಿಡುತ್ತಾ ಅವರ ಮುಂದೆ ಮಂಡಿಯೂರಿ, "ಎಲ್ಲಿ ನೋವು? ಎದೇಲಾ? ಕೈಯಲ್ಲಾ?" ಅಂದೆ.

ಅಜ್ಜಿ ಟಿವಿಯತ್ತ ಬೆರಳು ತೋರಿಸಿದರು. "ಆ ಮುದುಕ ಈಗೇನಂದ? ಎಲ್ಲರೂ ನಕ್ಕರು, ನನಗೆ ಒಂದು ಪದಾನೂ ತಿಳೀಲಿಲ್ಲ. ಆ ಬ್ರಿಟಿಷರ ಇಂಗ್ಲಿಷು ಬಾಯೊಳಗೇ ಉಳಿದುಬಿಡುತ್ತೆ."

"ಇದಕ್ಕೆ ಗುಂಡಿ ಒತ್ತಿದ್ರಾ?"

"ಮತ್ತೆ? ನೀನು ಇಂಡಿಯಾದವಳಲ್ವಾ? ಹೇಳು, ಏನಂದ?"

ನಾನೂ ಕಿವಿ ಕೊಟ್ಟು ಕೇಳಿದೆ. ನಿಜ ಹೇಳಬೇಕೆಂದರೆ ನನಗೂ ಏನೂ ಅರ್ಥವಾಗಲಿಲ್ಲ. ಹಾಗಂತಲೇ ಹೇಳಿದೆ.

ಅಜ್ಜಿ ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಅವರು ನಿಮ್ಮೂರಲ್ಲಿ ಇನ್ನೂರು ವರ್ಷ ಇದ್ದರಲ್ಲ, ಅಷ್ಟು ದಿನ ನೀವೆಲ್ಲ ಏನು ಮಾಡ್ತಿದ್ರಿ?"

ಸತ್ತವರು ಮಾತಾಡಿದ್ದು

ಟಿವಿಯಲ್ಲಿ ಒಂದು ದಿನ ಒಬ್ಬ ಮುದುಕ ಸತ್ತ ಹಾಗೆ ನಟಿಸಿ ಮ್ಯಾನೇಜರನನ್ನು ಹೆದರಿಸಿದ. ನಮ್ಮವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ. ನನಗೇನು ಗೊತ್ತಿತ್ತು?

ಮಾರನೇ ದಿನ ತಿಂಡಿಯ ಹೊತ್ತಿಗೆ, ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಒಬ್ಬ ಅಜ್ಜ ಚಮಚ ಕೆಳಗೆ ಬಿಟ್ಟು, ಕುರ್ಚಿಗೆ ಒರಗಿ, ಬಾಯಿ ತೆರೆದುಕೊಂಡು ನಿಶ್ಚಲವಾಗಿಬಿಟ್ಟರು. ನಮ್ಮ ಮ್ಯಾನೇಜರ್ ಬಿಳಿಚಿಕೊಂಡು ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದರು. ನಾನು ಅಜ್ಜನ ಭುಜ ಹಿಡಿದು ಅಲ್ಲಾಡಿಸಿದೆ. ಅವರು ಮಿಸುಕಲಿಲ್ಲ.

ನನ್ನ ಕಣ್ಣ ಮುಂದೆ ಯಾರೂ ಸತ್ತಿರಲಿಲ್ಲ. ಎದೆ ಒತ್ತಬೇಕು, ಉಸಿರು ನೋಡಬೇಕು ಅಂತ ನಮಗೆ ತರಬೇತಿ ಕೊಟ್ಟಿದ್ದರು. ಎಲ್ಲಾ ಮರೆತುಹೋಯಿತು. ನೆನಪಿಗೆ ಬಂದದ್ದು ಮೈಸೂರಿನ ನಮ್ಮ ಮನೆಯಲ್ಲಿ ಹಿರಿಯರು ಹೋಗುವಾಗ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು ಅಂತ ಕೇಳಿದ್ದು ಮಾತ್ರ. ರೆಂಟನ್ನಿನಲ್ಲಿ ತುಳಸಿ ಎಲ್ಲಿಂದ ತರಲಿ? ಮೇಜಿನ ಮೇಲೆ ಕಿತ್ತಳೆ ರಸ ಇತ್ತು. ಒಂದು ಚಮಚ ತೆಗೆದು, "ನಾರಾಯಣ, ನಾರಾಯಣ" ಅನ್ನುತ್ತಾ ಅವರ ತುಟಿಗೆ ಬಿಟ್ಟೆ.

ಸತ್ತವರು ಒಂದು ಕಣ್ಣು ತೆರೆದರು.

"ಇದಕ್ಕೆ ಸಕ್ಕರೆ ಹಾಕಿದ್ದಾರಾ?" ಅಂತ ಕೇಳಿದರು. "ನನಗೆ ಡಯಾಬಿಟಿಸ್ ಇದೆ ಅಂತ ಗೊತ್ತಿಲ್ವಾ? ಸಾಯಿಸ್ತೀಯಾ ನನ್ನ?"

ಅತ್ತೆಯ ಕರುಣೆ

ಆ ಬೇಸಿಗೆಯಲ್ಲಿ ನಮ್ಮತ್ತೆ ಮೈಸೂರಿನಿಂದ ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಕಟ್ಟುನಿಟ್ಟು. ನನ್ನ ಕೆಲಸದ ವಿಷಯ ಕೇಳಿ, "ಅಯ್ಯೋ, ಹೆತ್ತವರನ್ನ ಇಂಥ ಕಡೆ ತಂದು ಬಿಡ್ತಾರಲ್ಲ! ಒಂದ್ಸಲ ನನ್ನನ್ನೂ ಕರ್ಕೊಂಡು ಹೋಗೇ. ಪಾಪ, ನಾಲ್ಕು ಸಮಾಧಾನದ ಮಾತಾಡಿ ಬರ್ತೀನಿ" ಅಂದರು. ಒಂದು ಡಬ್ಬಿ ಕೋಡುಬಳೆ ಕರಿದು, ಮುಖದ ತುಂಬ ಕರುಣೆ ತುಂಬಿಕೊಂಡು ಹೊರಟರು.

ಲೈಬ್ರರಿ ಅಜ್ಜಿಯ ಪಕ್ಕದಲ್ಲಿ ಕೂರಿಸಿದೆ. ಅತ್ತೆ ಅವರ ಕೈ ಹಿಡಿದು, "ಒಬ್ಬರೇ ಇರೋದು ಕಷ್ಟ ಅಲ್ವಾ?" ಅಂದರು.

"ಕಷ್ಟವಾ? ಅಡುಗೆಯವನಿದಾನೆ, ಬಟ್ಟೆ ಒಗೆಯೋರಿದಾರೆ, ಶುಕ್ರವಾರ ವೈನ್ ಕೊಡ್ತಾರೆ. ನಿಮ್ಮನೇಲಿ ಅಡುಗೆ ಯಾರು ಮಾಡ್ತಾರೆ?"

"ನಾನೇ."

"ಈ ವಯಸ್ಸಲ್ಲಿ? ಯಾರಿಗೆ?"

"ಮಗನಿಗೆ, ಸೊಸೆಗೆ."

"ಪಾತ್ರೆ?"

"ಮೆಷೀನಿಗೆ ಹಾಕೋ ಮುಂಚೆ ನಾನೇ ಒಂದ್ಸಲ ತೊಳೀತೀನಿ."

ಅಜ್ಜಿಯ ಮುಖ ಗಂಭೀರವಾಯಿತು. ಈಗ ಅತ್ತೆಯ ಕೈಯನ್ನು ಅವರು ಹಿಡಿದುಕೊಂಡರು. "ಅಷ್ಟು ಹೊತ್ತು ಸೊಸೆ ಏನು ಮಾಡ್ತಿರ್ತಾಳೆ?"

"ಇಲ್ಲಿಗೆ ಬಂದು ನಿಮ್ಮ ಕೈಲಿ ಹಾಡು ಹೇಳಿಸ್ತಿರ್ತಾಳೆ" ಅಂದರು ಅತ್ತೆ, ನನ್ನತ್ತ ಕೈ ತೋರಿಸಿ.

ಕೋಣೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ವಿಮಾನದ ಅಜ್ಜ ಅತ್ತೆಯ ಕಡೆ ಬಗ್ಗಿ, "ಹೆದರಬೇಡಿ, ಮೇಡಂ. ಪೊಲೀಸರಿಗೆ ನಾನು ಫೋನ್ ಮಾಡ್ತೀನಿ" ಅಂದರು.

ಅಷ್ಟರಲ್ಲಿ ಧಾರಾವಾಹಿ ಶುರುವಾಗಿ ನಾನು ಬಚಾವಾದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೊನೆಯವರೆಗೂ ನಕ್ಕರು. ವಾಪಸ್ಸು ನಮ್ಮ ಮನೆಯಿರುವ ಸಮಾಮಿಶ್‌ಗೆ ಕಾರಿನಲ್ಲಿ ಬರುವಾಗ ಮಾತ್ರ ಮಾತೇ ಇಲ್ಲ. ನೊಂದುಕೊಂಡರೇನೋ ಅಂತ ನನಗೆ ಹೆದರಿಕೆ. ಮನೆ ಹತ್ತಿರ ಬಂದಾಗ ಬಾಯಿ ಬಿಟ್ಟರು.

"ಅಲ್ಲಿ ಕೆರೆ ಕಾಣೋ ಕಡೆ ಒಂದು ರೂಮು ಖಾಲಿ ಇದೆಯಂತಲ್ಲೇ. ಯಾರಿಗೂ ಕೊಡಬೇಡಿ ಅಂತ ನಿಮ್ಮ ಮ್ಯಾನೇಜರಿಗೆ ಹೇಳಿಡು."

ಭಾನುವಾರ ಕಣ್ಣಿನ ಡಾಕ್ಟರು

ಸಾಯುವ ಆಟ ಅಂಟುಜಾಡ್ಯವಾಯಿತು. ಒಬ್ಬರು ಸೂಪು ಆರಿದೆ ಅಂತ ಸತ್ತರು, ಇನ್ನೊಬ್ಬರು ಇಸ್ಪೀಟಿನಲ್ಲಿ ಸೋಲುವಾಗ ಸತ್ತರು. ಮ್ಯಾನೇಜರಿಗೆ ರೋಸಿಹೋಯಿತು. "ಎಲ್ಲಾ ಆ ಧಾರಾವಾಹಿಯಿಂದ" ಅಂತ ಅದನ್ನು ನಿಲ್ಲಿಸಿ, ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ ಹಾಕಿಸಿದರು. ನಮ್ಮವರು ಪೆಂಗ್ವಿನ್‌ಗಳನ್ನು ನೋಡಿದರು, ಪೆಂಗ್ವಿನ್‌ಗಳು ನಮ್ಮವರನ್ನು ನೋಡಿದವು. ಯಾರೂ ನಗಲಿಲ್ಲ. ಲೈಬ್ರರಿ ಅಜ್ಜಿ ರೂಮಿನಿಂದ ಹೊರಗೆ ಬರುವುದನ್ನೇ ಬಿಟ್ಟರು. ನನಗೆ ಸಂಕಟವಾಯಿತು. ಮನೆಯಲ್ಲಿ ಅತ್ತೆಯ ಮುಂದೆ ಹೇಳಿಕೊಂಡೆ. ಅತ್ತೆ "ಹೌದಾ?" ಅಂದರು, ಅಷ್ಟೇ.

ಒಂದು ಭಾನುವಾರ ಊಟದ ಹೊತ್ತಿಗೆ ಆರು ಕುರ್ಚಿ ಖಾಲಿ. ಕೇಳಿದರೆ, ಬೆಳಿಗ್ಗೆಯೇ ಆರೂ ಜನ ವ್ಯಾನ್ ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಹೋದರು ಅಂದರು.

ಮ್ಯಾನೇಜರ್ ನನ್ನ ಮುಖ ನೋಡಿದರು. "ಭಾನುವಾರ ಯಾವ ಕಣ್ಣಿನ ಡಾಕ್ಟರ್ ಇರ್ತಾನೆ?"

ವ್ಯಾನಿನ ಡ್ರೈವರ್ ಫೋನ್ ಎತ್ತುತ್ತಿಲ್ಲ. ಅಜ್ಜಿಗೆ ಬಿಪಿ, ಅಜ್ಜನಿಗೆ ಸಕ್ಕರೆ, ಇನ್ನೊಬ್ಬರಿಗೆ ಮೊನ್ನೆಯಷ್ಟೇ ಮಂಡಿ ಆಪರೇಷನ್ ಆಗಿದೆ. ಮ್ಯಾನೇಜರ್, "ಅವರಿಗೇನಾದರೂ ಆದರೆ ನನ್ನ ಕೆಲಸಾನೂ ಹೋಗುತ್ತೆ, ನಿಂದೂ ಹೋಗುತ್ತೆ" ಅನ್ನುತ್ತಿದ್ದಾಗ ನನ್ನ ಗಂಡನ ಫೋನ್ ಬಂತು.

"ಲೇ, ನಾನು ಮೇಲೆ ಆಫೀಸ್ ಕೆಲಸ ಮಾಡ್ತಿದ್ದೆ. ಈಗ ಕೆಳಗೆ ಬಂದು ನೋಡಿದ್ರೆ ಹಾಲಲ್ಲಿ ಏಳು ಜನ ಅಮೆರಿಕನ್ನರು ಕೂತಿದಾರೆ ಕಣೇ. ನಿಂಗೆ ಗೊತ್ತಿರೋರಾ?"

"ಏಳಾ? ಆರಲ್ವಾ?"

"ಒಬ್ಬ ವ್ಯಾನ್ ಡ್ರೈವರಂತೆ. ಎರಡನೇ ಸಲ ಬಡಿಸ್ಕೊಳ್ತಿದಾನೆ."

ಮ್ಯಾನೇಜರ್ ಕಾರಿನಲ್ಲೇ ಇಬ್ಬರೂ ಹೊರಟೆವು. ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಮೂರು ವಾಕರ್ ಸಾಲಾಗಿ ನಿಂತಿದ್ದವು. ಒಳಗಿನಿಂದ ನಗು ಕೇಳುತ್ತಿತ್ತು. ಅತ್ತೆ ಅಜ್ಜಿಯ ಫೋನ್ ನಂಬರ್ ಇಟ್ಟುಕೊಂಡಿದ್ದರು, ಎಲ್ಲರನ್ನೂ ಊಟಕ್ಕೆ ಕರೆದಿದ್ದರು, ಕೆಳಗೆ ಬಂದ ಮಗನ ಕೈಲಿ ಟಿವಿಗೆ ಅದೇ ಧಾರಾವಾಹಿ ಹಾಕಿಸಿಕೊಂಡಿದ್ದರು. ವಿಮಾನದ ಅಜ್ಜ ಬಿಸಿಬೇಳೆ ಬಾತಿನ ಖಾರಕ್ಕೆ ಕಣ್ಣು ಮೂಗು ಎರಡೂ ಸೋರಿಸುತ್ತಾ, ತಟ್ಟೆ ಮಾತ್ರ ಬಿಡದೆ ಕೂತಿದ್ದರು.

ಮ್ಯಾನೇಜರ್ ಕೂಗಾಡಲು ಬಾಯಿ ತೆರೆದರು. ಅತ್ತೆ ಸೌಟು ಹಿಡಿದುಕೊಂಡೇ, ತರಗತಿಗೆ ತಡವಾಗಿ ಬಂದವನನ್ನು ನೋಡುವ ಹಾಗೆ ನೋಡಿ, "ಶೂ ಹೊರಗೆ" ಅಂದರು. ಮ್ಯಾನೇಜರ್ ಶೂ ಬಿಚ್ಚಿದರು. "ಟೋಪಿ." ಟೋಪಿಯನ್ನೂ ತೆಗೆದರು. ಕೈಗೆ ತಟ್ಟೆ ಬಂತು. ಪಾಪ, ಕೂತರು.

ಆ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಮುದುಕಿಯರು ಮ್ಯಾನೇಜರನನ್ನು ಉಗ್ರಾಣದೊಳಗೆ ಹಾಕಿ ಬೀಗ ಜಡಿದರು. ಅವನು ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾನೆ. ನಮ್ಮ ಹಾಲಿನಲ್ಲಿ ಒಬ್ಬರೂ ನಗುತ್ತಿಲ್ಲ, ಎಲ್ಲರ ಕಣ್ಣೂ ನಮ್ಮ ಮ್ಯಾನೇಜರ್ ಮೇಲೆ. ಅವರ ಭುಜ ಒಂದು ಸಲ ಕುಲುಕಿತು. ಇನ್ನೊಂದು ಸಲ ಕುಲುಕಿತು. ಆಮೇಲೆ ಬಾಯಲ್ಲಿದ್ದ ಬಾತು ನೆತ್ತಿಗೆ ಹತ್ತುವ ಹಾಗೆ ನಕ್ಕರು. ಅತ್ತೆ ಬೆನ್ನು ತಟ್ಟಿ ಮಜ್ಜಿಗೆ ಕೊಟ್ಟರು.

ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿ, "ನಾಳೆಯಿಂದ ಇದನ್ನೇ ಹಾಕು" ಅಂದರು. ನನ್ನ ಜೀವ ಮರಳಿ ಬಂತು. ಆಮೇಲೆ ಅವರು ತುಸು ಹೊತ್ತು ಟಿವಿ ನೋಡಿ, ಮೆತ್ತಗೆ ವಿಮಾನದ ಅಜ್ಜನನ್ನು ಕೇಳಿದರು.

"ನಿಜ ಹೇಳಿ. ನಾನೂ ಆ ಮ್ಯಾನೇಜರ್ ಥರಾನೇ ಇದೀನಾ?"

ಅಜ್ಜ ಟಿವಿಯಲ್ಲಿದ್ದವನನ್ನು ನೋಡಿದರು, ಇವರನ್ನು ನೋಡಿದರು, ಇವರ ಫಳಫಳ ಹೊಳೆಯುವ ನೆತ್ತಿಯನ್ನು ನೋಡಿದರು.

"ಛೇ ಛೇ, ಎಲ್ಲಾದರೂ ಉಂಟಾ! ಅವನಿಗೆ ಕೂದಲಿದೆ."