ಟ್ಯಾನರಿ ಬೀದಿಯ ಅರವತ್ತಮೂರು ಖಾಲಿ ಜಾಗಗಳು

ಶ್ರೀಯುತ ಪ್ರೆಸ್ಕಾಟ್ ಲಿಂಡ್‌ವಾಲ್ ಅವರಿಗೆ,
ಪ್ರಧಾನ ಸಂಚಾರ ಸಲಹೆಗಾರರು, ಸಿಲ್ವರ್ ಹೆರಾನ್ ಕ್ಯಾಸಿನೋ ಯೋಜನೆ

ಮಾನ್ಯರೇ,

ತಾವೂ ತಮ್ಮ ಮುನ್ನೂರ ಹದಿನೆಂಟು ಪುಟಗಳ ವರದಿಯೂ ಕ್ಷೇಮವೆಂದು ನಂಬಿ, ಟ್ಯಾನರಿ ಬೀದಿಯ ಹನ್ನೆರಡನೇ ನಂಬರಿನ ಮನೆಯ ಮಿಲ್ಲಿ ಹ್ರಬೋವ್‌ಸ್ಕಿ ಎಂಬ ನಾನು ಬಗ್ಗಿ ನಮಸ್ಕರಿಸಿ ಬರೆಯುತ್ತಿದ್ದೇನೆ. ಬಗ್ಗಿ ಎಂದದ್ದು ಮರ್ಯಾದೆಗೆ ಮಾತ್ರ. ನಿಜಕ್ಕೂ ಬಗ್ಗಿದರೆ ನನ್ನ ಬಲಮಂಡಿ ಮತ್ತೆ ಏಳಲು ಬಿಡುವುದಿಲ್ಲ. ಶಾಲೆಯ ಮುಂದಿನ ಅಡ್ಡರಸ್ತೆಯಲ್ಲಿ ಮೂವತ್ತೊಂದು ವರ್ಷ ಕೈಯಲ್ಲೊಂದು ಫಲಕ ಹಿಡಿದು ಕಾರುಗಳನ್ನು ನಿಲ್ಲಿಸಿ ಮಕ್ಕಳನ್ನು ದಾಟಿಸಿದವಳು ನಾನು. ಆದ್ದರಿಂದ ಸಂಚಾರ ಎಂಬ ಶಾಸ್ತ್ರದಲ್ಲಿ ತಮಗೂ ನನಗೂ ಒಂದು ದೂರದ ನೆಂಟಸ್ತಿಕೆ ಇದೆಯೆಂದು ಭಾವಿಸಿ ಈ ಸಲಿಗೆ ತೆಗೆದುಕೊಂಡಿದ್ದೇನೆ, ಮನ್ನಿಸಬೇಕು.

ತಮ್ಮ ವರದಿಯನ್ನು ನಾನು ಕನ್ನಡಕ ಒರೆಸಿ ಒರೆಸಿ ಮೊದಲಿನಿಂದ ಕೊನೆಯವರೆಗೂ ಓದಿದೆ. ಎಂಥ ಚಂದದ ಪುಸ್ತಕ! ಹಳೆಯ ಬಟ್ಟೆ ಅಂಗಡಿಯ ಕಟ್ಟಡವನ್ನು ಕೆಡವಿ ಅಲ್ಲಿ ಕ್ಯಾಸಿನೋ ಎದ್ದ ಮೇಲೆ ನಮ್ಮ ಊರಿನ ನಡುಪೇಟೆ ಹೇಗೆ ಕಾಣುತ್ತದೆಂದು ತಾವು ಬಣ್ಣದ ಚಿತ್ರ ಬರೆಸಿದ್ದೀರಲ್ಲ, ಅದನ್ನಂತೂ ನೋಡಿದಷ್ಟೂ ಸಾಲದು. ಅದರಲ್ಲಿ ಮುದುಕರು ಯಾರೂ ಇಲ್ಲ, ಕೈಯಲ್ಲಿ ತರಕಾರಿ ಚೀಲ ಹಿಡಿದವರಿಲ್ಲ, ಬಸ್ಸಿಗೆ ಕಾದು ನಿಂತವರಿಲ್ಲ, ಎಲ್ಲರೂ ಬಿಳೀ ಹಲ್ಲು ಬಿಟ್ಟುಕೊಂಡು ಎಲ್ಲಿಗೋ ಹೊರಟಿದ್ದಾರೆ. ಪೆನ್ಸಿಲ್ವೇನಿಯಾದ ಈ ಉಕ್ಕಿನ ಊರಿನಲ್ಲಿ ಅರವತ್ತೆಂಟು ವರ್ಷದಿಂದ ಇರುವ ನನಗೆ ಅವರಲ್ಲಿ ಒಬ್ಬರ ಮುಖವೂ ಗುರುತು ಸಿಗಲಿಲ್ಲ.

ಆದರೆ ನನ್ನನ್ನು ನಿಜವಾಗಿ ಮೂಕಳನ್ನಾಗಿ ಮಾಡಿದ್ದು ತೊಂಬತ್ತನಾಲ್ಕನೇ ಪುಟ. ಜನವರಿ ಇಪ್ಪತ್ತೊಂದರ ಬೆಳಿಗ್ಗೆ ಹತ್ತು ಗಂಟೆಗೆ ಟ್ಯಾನರಿ ಬೀದಿಯಲ್ಲೂ ಅದರ ಅಕ್ಕಪಕ್ಕದ ಬೀದಿಗಳಲ್ಲೂ ಸೇರಿ ಕಾರು ನಿಲ್ಲಿಸುವ ಅರವತ್ತಮೂರು ಜಾಗಗಳು ಖಾಲಿ ಬಿದ್ದಿದ್ದವು ಎಂದು ತಾವು ಅಲ್ಲಿ ಮುದ್ರಿಸಿದ್ದೀರಿ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಎರಡು ದಿನ ಸೊಂಟದ ಮಟ್ಟ ಹಿಮ ಬಿದ್ದಿತ್ತು. ಬೀದಿಯವರೆಲ್ಲ ಸಲಿಕೆ ಹಿಡಿದು, ಬೆನ್ನು ಮುರಿದುಕೊಂಡು, ತಮ್ಮ ತಮ್ಮ ಕಾರುಗಳನ್ನು ಅಗೆದು ತೆಗೆದಿದ್ದರು. ಕೆಲಸಕ್ಕೆ ಹೊರಟವರು ತಾವು ಅಗೆದ ಜಾಗದಲ್ಲಿ ಅಡುಗೆಮನೆಯಿಂದ ಒಂದೊಂದು ಕುರ್ಚಿ ತಂದಿಟ್ಟು ಹೋಗಿದ್ದರು. ಹಾಗೆ ಕುರ್ಚಿ ಇಟ್ಟರೆ ಅದು ಅಗೆದವರ ಜಾಗ, ಅವರು ಸಂಜೆ ಬರುವವರೆಗೆ ಇನ್ನೊಬ್ಬರು ಅದನ್ನು ಮುಟ್ಟುವುದಿಲ್ಲ. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ನಮ್ಮ ಪೊಲೀಸ್ ಮುಖ್ಯಸ್ಥರ ತಾಯಿಯೂ ಕುರ್ಚಿ ಇಡುತ್ತಾರೆ, ಅವರದು ಹಸಿರು ಬಣ್ಣದ್ದು.

ಅಂದು ತಮ್ಮ ಕಚೇರಿಯ ಒಬ್ಬ ಮಹನೀಯರೂ ಕೆಂಪು ಬೂಟಿನ ಒಬ್ಬ ಮಹಿಳೆಯೂ ಬಂದು ಪ್ರತಿ ಕುರ್ಚಿಯ ಮುಂದೆ ನಿಂತು ಏನನ್ನೋ ಬರೆದುಕೊಳ್ಳುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡು, ಪಾಪ ಚಳಿಯೆಂದು ಕರೆದು ಕಾಫಿ ಕೊಟ್ಟೆ. ಅವರು ಕಾಫಿ ಕುಡಿದರು, ಚೆನ್ನಾಗಿದೆ ಅಂದರು, ಕುರ್ಚಿಗಳು ಅಲ್ಲೇಕಿವೆ ಎಂದು ಮಾತ್ರ ಕೇಳಲಿಲ್ಲ. ಕೇಳದೆಯೇ ಅವರು ಕಂಡುಹಿಡಿದದ್ದು ತಮ್ಮ ಅಡಿಟಿಪ್ಪಣಿಯಲ್ಲಿದೆ: 'ಈ ಭಾಗದ ನಿವಾಸಿಗಳು ರಸ್ತೆ ಬದಿಯಲ್ಲಿ ಆಸನಗಳನ್ನು ಇರಿಸಿಕೊಂಡಿದ್ದು, ಹೊರಾಂಗಣದಲ್ಲಿ ಕುಳಿತು ಹರಟುವ ಉತ್ಸಾಹಭರಿತ ಸಂಸ್ಕೃತಿಯನ್ನು ಹೊಂದಿದ್ದಾರೆ.' ಅಯ್ಯೋ ದೇವರೇ! ಜನವರಿ ತಿಂಗಳಲ್ಲಿ! ಅದನ್ನು ಓದಿ ನಾನು ನಕ್ಕ ನಗುವಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದರು.

ನಗು ನಿಂತದ್ದು ಮುಂದಿನ ಪುಟಗಳಲ್ಲಿ. ಅರವತ್ತಮೂರು ಜಾಗ ಹೇಗೂ ಖಾಲಿ ಇವೆಯಾದ್ದರಿಂದ ಕ್ಯಾಸಿನೋದ ಪಾರ್ಕಿಂಗ್ ಕಟ್ಟಡಕ್ಕೆ ಒಂದು ಅಂತಸ್ತು ಕಡಿಮೆ ಸಾಕೆಂದೂ, ಉಳಿದ ಆ ಅಂತಸ್ತಿನಲ್ಲಿ ಬಾರ್ ಮಾಡಬಹುದೆಂದೂ, ಅಲ್ಲಿ ಹಿಡಿಸದ ಕಾರುಗಳನ್ನು ಟ್ಯಾನರಿ ಬೀದಿಗೆ ಕಳಿಸಬಹುದೆಂದೂ ತಾವು ಅಪ್ಪಣೆ ಕೊಡಿಸಿದ್ದೀರಿ. ಹಾಗೆ ಬಂದ ಕಾರುಗಳು ತಿರುಗುವಾಗ ಹದಿನೇಳನೇ ನಂಬರಿನ ಬಸ್ಸು ಅಡ್ಡ ಬರುತ್ತದೆ. ಆದ ಕಾರಣ ಬಸ್ಸನ್ನು ನಮ್ಮ ಬೀದಿಯಿಂದ ತೆಗೆದು ಫೌಂಡ್ರಿ ಅವೆನ್ಯೂಗೆ, ಪಾರ್ಕಿಂಗ್ ಕಟ್ಟಡದಿಂದ ಕಾರುಗಳು ಇಳಿದು ಬರುವ ಇಳಿಜಾರಿನ ಆಚೆಗೆ, ಸಾಗಿಸತಕ್ಕದ್ದು. ಸರಾಸರಿ ಪಾದಚಾರಿಗೆ ಅದು ಆರೇ ನಿಮಿಷದ ನಡಿಗೆಯಂತೆ. ಈ ಸರಾಸರಿ ಪಾದಚಾರಿ ಯಾರು ಸ್ವಾಮಿ? ನಮ್ಮ ಬೀದಿಯಲ್ಲಿ ಅವರನ್ನು ಕಂಡವರಿಲ್ಲ, ಒಮ್ಮೆ ಕರೆತಂದು ಪರಿಚಯ ಮಾಡಿಸಿದರೆ ಊಟಕ್ಕೆ ನಿಲ್ಲಿಸಿಕೊಳ್ಳುತ್ತೇನೆ.

ನಮ್ಮ ಬೀದಿಯ ಪಾದಚಾರಿಯೊಬ್ಬನನ್ನು ತಮಗೆ ಪರಿಚಯಿಸುತ್ತೇನೆ. ಅವನು ನನ್ನ ತಮ್ಮ ಎಮಿಲ್, ವಯಸ್ಸು ಅರವತ್ತೊಂದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಕಾದ ಲೋಹ ಸಿಡಿದು ಅವನ ಎರಡೂ ಕಣ್ಣು ಹೋದವು. ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದವನು ಒಂದು ದಿನ ಎದ್ದು ಕುಳಿತು ಬಿಳಿ ಕೋಲು ತರಿಸಿಕೊಂಡ, ಆಮೇಲೆ ಯಾರ ಕೈಯನ್ನೂ ಹಿಡಿದವನಲ್ಲ. ಜಿಲ್ಲಾ ಆಸ್ಪತ್ರೆಯ ಟೆಲಿಫೋನ್ ಮೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಹೆದರಿ ಕರೆ ಮಾಡಿದವರು ಅವನ ದನಿ ಕೇಳಿದರೆ ಸಮಾಧಾನವಾಗಿ ಹೆಸರು ಹೇಳುತ್ತಾರಂತೆ. ನಮ್ಮ ಬಾಗಿಲಿನಿಂದ ಬೇಕರಿಯ ಮುಂದಿನ ಬಸ್ ನಿಲ್ದಾಣಕ್ಕೆ ಅವನಿಗೆ ನಲವತ್ತೊಂದು ಹೆಜ್ಜೆ. ಹಿಮ ಬಿದ್ದ ದಿನ ಕ್ಷೌರದಂಗಡಿಯ ಟಾರ್ಕ್ವಿನಿಯೋ ತನ್ನ ಅಂಗಡಿಯ ಮುಂದಿನ ಹಿಮ ತೆಗೆಯುವುದಕ್ಕೆ ಮೊದಲು ಆ ನಲವತ್ತೊಂದು ಹೆಜ್ಜೆಯ ಹಿಮ ತೆಗೆದಿರುತ್ತಾನೆ. ಎಮಿಲ್ ಹದಿನೇಳನ್ನು ಹತ್ತಿ ಒಬ್ಬನೇ ಹೋಗುತ್ತಾನೆ, ಒಬ್ಬನೇ ಬರುತ್ತಾನೆ. ಅವನ ಬದುಕಿನಲ್ಲಿ ಅವನಿಗೆ ಹೆಮ್ಮೆಯ ಸಂಗತಿ ಅಂತ ಇದ್ದರೆ ಅದೊಂದೇ.

ಕಳೆದ ಬುಧವಾರ ಮಧ್ಯಾಹ್ನ ನಗರಸಭೆಯಲ್ಲಿ ಅಹವಾಲು ಸಭೆ ಕರೆದು, ಬೆರಳುದ್ದದ ಸ್ಯಾಂಡ್‌ವಿಚ್ ತಿನ್ನಿಸಿ, ತಲೆಗೆರಡು ನಿಮಿಷ ಮಾತಾಡಲು ಅವಕಾಶ ಕೊಟ್ಟ ತಮ್ಮ ಔದಾರ್ಯವನ್ನು ನಾನು ಮರೆಯುವಂತಿಲ್ಲ. ಎಂಬತ್ತೊಂದು ವರ್ಷದ ಮಿಸೆಸ್ ಒಡೆಸ್ಸಾ ಪ್ರೂಯಿಟ್, ನನ್ನ ಎದುರುಮನೆಯವರು, ಇವತ್ತಿಗೂ ಸ್ವತಃ ಕಾರು ಓಡಿಸುವವರು, ತಮ್ಮನ್ನು ತಾಯಿಯಂತೆ ಕೇಳಿದರು: "ಅಲ್ಲಪ್ಪಾ, ನನ್ನ ಕುರ್ಚಿ ಅಲ್ಯಾಕಿತ್ತು ಅಂದ್ಕೊಂಡೆ? ಮೂಗು ಉದುರೋ ಚಳೀಲಿ ನಾನೇನು ಬಿಸಿಲು ಕಾಯಿಸ್ಕೊಳ್ತಾ ಕೂತಿದ್ನಾ?" ಅದಕ್ಕೆ ತಾವು ಕತ್ತಿನ ಟೈ ಸರಿಪಡಿಸಿಕೊಂಡು, "ಅಮ್ಮಾ, ನಮ್ಮ ಲೆಕ್ಕದಲ್ಲಿ ಕಾರಿಲ್ಲದ ಜಾಗ ಖಾಲಿ ಜಾಗ. ಕುರ್ಚಿ ವಾಹನ ಅಲ್ಲವಲ್ಲ," ಎಂದು ಬಿಡಿಸಿ ಹೇಳಿದಿರಿ. ಟಾರ್ಕ್ವಿನಿಯೋ ಹಿಂದಿನ ಸಾಲಿನಿಂದ, "ಅಷ್ಟೇ ತಾನೇ? ನಾಳೆಯಿಂದ ಕುರ್ಚಿಗೇ ನಂಬರ್ ಪ್ಲೇಟ್ ಹಾಕಿಸ್ತೀವಿ, ಬಿಡಿ ಸಾರ್!" ಎಂದು ಕೂಗಿದ. ಅದನ್ನು ತಾವು ಸಲಹೆಯೆಂದು ಬರೆದುಕೊಂಡಿರಿ, ನಾನು ನೋಡಿದೆ.

ಆಮೇಲೆ ಎಮಿಲ್‌ನ ಸರದಿ. ಕಪ್ಪು ಕನ್ನಡಕ ಹಾಕಿಕೊಂಡು, ಬಿಳಿ ಕೋಲು ತಟ್ಟಿಕೊಂಡು, ಅವನು ತಮ್ಮಿಂದ ಮೂರಡಿ ದೂರಕ್ಕೆ ಬಂದು ನಿಂತ. "ಸಾರ್, ನಂದು ಒಂದೇ ಪ್ರಶ್ನೆ. ಈಗಿನ ಕಾರುಗಳು ಸದ್ದೇ ಮಾಡಲ್ಲ. ಆ ಇಳಿಜಾರಿನಲ್ಲಿ ಕಾರು ಇಳೀತಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಕೇಳಿದ. ತಾವು ಕಾಗದದಿಂದ ತಲೆ ಎತ್ತದೆ, "ಅದಕ್ಕೆ ವ್ಯವಸ್ಥೆ ಮಾಡಿದ್ದೀವಿ. ದೊಡ್ಡ ದೀಪ ಹಾಕ್ತೀವಿ, ಕಾರು ಬಂದಾಗೆಲ್ಲ ಮಿನುಗುತ್ತೆ, ಬಹಳ ದೂರದಿಂದ್ಲೇ ಕಾಣ್ಸುತ್ತೆ," ಎಂದಿರಿ. ಎಮಿಲ್ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಯಾವ ಬಣ್ಣದ್ದು ಸಾರ್?" ಎಂದ. "ಕೆಂಪು," ಎಂದಿರಿ ತಾವು. "ಹಾಂ, ಕೆಂಪಾದ್ರೆ ಪರವಾಗಿಲ್ಲ," ಎಂದ ಅವನು, ಅಷ್ಟರಲ್ಲಿ ಎರಡು ನಿಮಿಷದ ಗಂಟೆ ಹೊಡೆಯಿತು. ಜನ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ, ನನ್ನ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಎಮಿಲ್, "ಬಾ ಮಿಲ್ಲಿ, ಅವರ ಆರು ನಿಮಿಷ ಎಷ್ಟುದ್ದ ಇದೆ ನೋಡೇ ಬಿಡೋಣ," ಎಂದು ಕೋಲು ತೆಗೆದುಕೊಂಡ. ನಾನು ಅವನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದೆ, ಹತ್ತಿರ ನಡೆದರೆ ಅವನಿಗೆ ಸಿಟ್ಟು. ಇಳಿಜಾರು ಬರುವ ಕಡೆ ತಮ್ಮವರು ಕಿತ್ತಳೆ ಬಣ್ಣದಲ್ಲಿ ಗೆರೆ ಎಳೆದಿದ್ದಾರೆ. ಈಗಲೇ ಅಲ್ಲಿ ಕಟ್ಟಡ ಕೆಡವುವವರ ಗಾಡಿಗಳು ಒಳಗೆ ಹೊರಗೆ ಓಡಾಡುತ್ತಿವೆ. ನಾನೂರ ಮೂವತ್ತು ಹೆಜ್ಜೆಗೆ ಎಮಿಲ್ ಆ ಅಂಚಿಗೆ ಬಂದು ನಿಂತ. ಒಂದು ಕಾಲು ಮುಂದಿಟ್ಟ, ಹಿಂದಕ್ಕೆ ತೆಗೆದ. ಮತ್ತೆ ಇಟ್ಟ, ಮತ್ತೆ ತೆಗೆದ. ಎಷ್ಟೋ ಹೊತ್ತು ಕಿವಿಗೊಟ್ಟು ನಿಂತವನು ಕೊನೆಗೆ ಪಕ್ಕಕ್ಕೆ ಕೈ ಚಾಚಿ, "ಮಿಲ್ಲಿ, ಇದ್ದೀಯಾ? ಇದೊಂದು ಕಡೆ ಕೈ ಹಿಡ್ಕೋ," ಎಂದ. ನಾನು ಹಿಡಿದೆ. ಅವನ ಅಂಗೈ ಆ ಚಳಿಯಲ್ಲೂ ಬೆವೆತಿತ್ತು. ಮನೆಗೆ ಬಂದು ಕೋಟು ಬಿಚ್ಚುತ್ತಾ ಅವನು, "ಆ ಮಂಡಿ ಇಟ್ಕೊಂಡು ದಿನಾ ಎರಡು ಸಲ ನೀನು ಮಂಜುಗಡ್ಡೆ ಮೇಲೆ ಓಡಾಡೋಕಾಗಲ್ಲ. ಕೆಲಸ ಬಿಡೋದಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು ಅಂತ ನಾಳೆ ಆಸ್ಪತ್ರೇಲಿ ಕೇಳ್ತೀನಿ," ಎಂದ. ಮಾಮೂಲಿ ದನಿಯಲ್ಲೇ ಹೇಳಿದ. ನಾನು ಸ್ನಾನದಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆದ್ದರಿಂದ ಮಾನ್ಯರೇ, ತಮ್ಮ ದೊಡ್ಡ ಮನಸ್ಸನ್ನು ನಂಬಿ ಕೆಲವು ಸಣ್ಣ ಪುಟ್ಟ ಕೋರಿಕೆ ಸಲ್ಲಿಸುತ್ತಿದ್ದೇನೆ. ತಮ್ಮ ಅತಿಥಿಗಳು ಜೂಜಾಡಲು ಕಾರಿನಲ್ಲೇ ಬರಬೇಕೆಂದೇನಿದೆ, ನದಿಯಲ್ಲಿ ಈಜಿಕೊಂಡು ಬರಲಿ, ದಡದಲ್ಲಿ ನಾನೇ ಟವೆಲ್ ಹಿಡಿದು ನಿಲ್ಲುತ್ತೇನೆ. ಅದು ಆಗದಿದ್ದರೆ ಹಿಮ ಬೀಳುವುದನ್ನು ತಮ್ಮ ಮುಂದಿನ ವರದಿಯಲ್ಲಿ ರದ್ದುಪಡಿಸಿಬಿಡಿ. ಜನವರಿಯಲ್ಲಿ ನಮ್ಮನ್ನು ಬೀದಿಯಲ್ಲಿ ಕೂರಿಸಿ ಹರಟೆ ಹೊಡೆಸಿದ ತಮಗೆ ಅದೇನು ಮಹಾ ಕಷ್ಟ? ಎಮಿಲ್‌ಗೆ ಕಣ್ಣು ಬರಿಸಿದರೂ ಆದೀತು, ಆ ಕೆಂಪು ದೀಪದ ಚಂದವನ್ನು ಅವನೂ ಸವಿಯಲಿ. ಇವು ಯಾವುವೂ ತಮ್ಮ ಒಪ್ಪಂದದ ವ್ಯಾಪ್ತಿಗೆ ಬರದಿದ್ದರೆ ಕೊನೆಯದೊಂದಿದೆ, ಇದಕ್ಕೆ ಖರ್ಚಿಲ್ಲ. ಕಣ್ಣಿಗೊಂದು ಕರವಸ್ತ್ರ ಕಟ್ಟಿಕೊಂಡು ನಮ್ಮ ಬಾಗಿಲಿನಿಂದ ತಮ್ಮ ಹೊಸ ನಿಲ್ದಾಣದವರೆಗೆ ಒಂದೇ ಒಂದು ಸಲ ನಡೆಯಿರಿ. ದಾರಿಯಲ್ಲಿ ತಾವು ನಿಂತರೆ ನಾನು ಕೈ ಕೊಡುವುದಿಲ್ಲ, ಹತ್ತು ಹೆಜ್ಜೆ ಹಿಂದೆಯೇ ಇರುತ್ತೇನೆ. ಮುಂದಿನ ಗುರುವಾರ ನಗರಸಭೆ ತಮ್ಮ ವರದಿಯ ಮೇಲೆ ಮತ ಹಾಕಲಿದೆ. ಅಷ್ಟರೊಳಗೆ ತೊಂಬತ್ತನಾಲ್ಕನೇ ಪುಟವನ್ನು ತಾವಾಗಿಯೇ ಹರಿದು ಹಾಕಿ, ಬಸ್ಸನ್ನು ಇದ್ದಲ್ಲೇ ಬಿಡಿ. ಬೇರೇನೂ ಬೇಡ, ಕ್ಯಾಸಿನೋ ಕಟ್ಟಿ, ಎರಡು ಕಟ್ಟಿ, ಹೆರಾನ್ ಎಂಬ ಹೆಸರಿಗೆ ತಕ್ಕಂತೆ ಮೇಲೊಂದು ಬಂಗಾರದ ಕೊಕ್ಕರೆ ಕೂರಿಸಿ, ನನ್ನದೇನೂ ತಕರಾರಿಲ್ಲ.

ಇಂತು, ಎರಡೂ ಕಣ್ಣು ನೆಟ್ಟಗಿರುವುದರಿಂದ ತಮ್ಮ ವರದಿಯನ್ನು ಓದುವ ಶಿಕ್ಷೆಗೆ ಗುರಿಯಾದ,
ತಮ್ಮ ವಿಶ್ವಾಸಿ,
ಮಿಲ್ಲಿ ಹ್ರಬೋವ್‌ಸ್ಕಿ

ತಾಜಾ ಕಲಂ: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಕಿಟಕಿಯಿಂದ ಕಂಡದ್ದನ್ನು ತಿಳಿಸದಿದ್ದರೆ ತಪ್ಪಾಗುತ್ತದೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ತಾವು ಬೆಳ್ಳಿ ಬಣ್ಣದ ಕಾರಿನಲ್ಲಿ ನಮ್ಮ ಬೀದಿಗೆ ದಯಮಾಡಿಸಿ, ಮಿಸೆಸ್ ಪ್ರೂಯಿಟ್ ಅವರ ಕುರ್ಚಿಯನ್ನು ಎರಡೂ ಕೈಯಿಂದ ಬಹಳ ಮರ್ಯಾದೆಯಿಂದ ಎತ್ತಿ ಬದಿಗಿಟ್ಟು, ಆ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿ ನಗರಸಭೆಯ ಕಡೆ ನಡೆದಿರಿ. ಹತ್ತೂವರೆಗೆ ಮಿಸೆಸ್ ಪ್ರೂಯಿಟ್ ದಿನಸಿ ತಂದು, ಮೂರು ಸುತ್ತು ಹೊಡೆದು, ಜಾಗ ಸಿಗದೆ ಹೋದರು. ಆಮೇಲೆ ಯಾರು ಯಾರು ಎಷ್ಟೆಷ್ಟು ಬಕೆಟ್ ನೀರು ತಂದು ತಮ್ಮ ಕಾರಿನ ಮೇಲೆ ಸುರಿದರೆಂದು ಹೇಳಲಾರೆ, ಆ ಹೊತ್ತಿಗೆ ನಾನು ಒಲೆಯ ಕಡೆ ತಿರುಗಿದ್ದೆ. ಚಳಿ ಚೆನ್ನಾಗಿದೆ, ನೀರು ಗಟ್ಟಿಯಾಗಿದೆ, ಈಗ ಅದರ ಬಾಗಿಲು ಯಾವ ಕಡೆಗಿದೆ ಎಂಬುದೇ ತಿಳಿಯುವುದಿಲ್ಲ. ಏಪ್ರಿಲ್ ಹೊತ್ತಿಗೆ ತಾನಾಗಿ ಕರಗುತ್ತದೆ, ಅಲ್ಲಿಯವರೆಗೆ ಗಾಬರಿ ಬೇಡ. ಈ ಪತ್ರವನ್ನು ಅಂಚೆಗೆ ಹಾಕದೆ ಟಾರ್ಕ್ವಿನಿಯೋ ಕೈಯಲ್ಲಿ ನಗರಸಭೆಗೇ ಕಳಿಸುತ್ತಿದ್ದೇನೆ. ಸಂಜೆ ಎಮಿಲ್ ಕೆಲಸದಿಂದ ಬಂದಿರುತ್ತಾನೆ, ತಮ್ಮನ್ನು ಹದಿನೇಳರ ನಿಲ್ದಾಣಕ್ಕೆ ಬಿಟ್ಟು ಬರುತ್ತೇನೆ ಎಂದು ಅವನೇ ಫೋನಿನಲ್ಲಿ ಹೇಳಿದ್ದಾನೆ. ಕಾಲು ಜಾರುತ್ತದೆ, ಅವನ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ.