ಸ್ವಲ್ಪ ತೋಡು

ರಾಮಾಂಜಿನಪ್ಪನವರು ಆ ದಿನ ಬೆಳಿಗ್ಗೆ ಕೈಯಲ್ಲೊಂದು ಲೋಟ ಹಿಡಿದು ಹೊರಟಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಹಾಲು ಮೊಸರಾಗಲು ಒಪ್ಪುತ್ತಲೇ ಇರಲಿಲ್ಲ. ಪಕ್ಕದ ಮನೆಯ ಅನಸೂಯಮ್ಮನ ಹತ್ತಿರ ಒಂದು ಚಮಚ ಹುಳಿಮೊಸರು ಕೇಳೋಣವೆಂದು ಬರಿಗೈಯಲ್ಲಿ ಹೊರಟರು. ಅನಸೂಯಮ್ಮನೂ ಗಂಡನನ್ನು ಕಳೆದುಕೊಂಡವರೇ, ಮನೆಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದವರು.

ಶಿಡ್ಲಘಟ್ಟದವರ ನಾಲಿಗೆ ಬಜಾರಿನಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು. ಹಾಲಿಗೆ ಹಾಕುವ ಹೆಪ್ಪಿಗೆ ತೆಲುಗಿನಲ್ಲಿ ತೋಡು ಎನ್ನುತ್ತಾರೆ. ಬಾಳಿಗೆ ಜೊತೆಯಾಗುವ ಜೀವಕ್ಕೂ ತೋಡು ಎಂದೇ ಹೆಸರು. ಮೊಸರಿನ ಚಿಂತೆಯಲ್ಲಿದ್ದ ಮನುಷ್ಯನಿಗೆ ಬಾಳಿನ ನೆನಪು ಎಲ್ಲಿಂದ ಬರಬೇಕು?

ಸಾಲದ್ದಕ್ಕೆ ಅವರು ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿ ನಿವೃತ್ತರಾದವರು. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುವ ಗಂಟಲು. ಮುಚ್ಚಿದ ಬಾಗಿಲ ಮುಂದೆ ನಿಂತು, "ಅನಸೂಯಮ್ಮನೋರೇ, ಒಬ್ಬನ ಕೈಲಿ ಆಗ್ತಿಲ್ಲಮ್ಮ. ಸ್ವಲ್ಪ ತೋಡು ಬೇಕಾಗಿತ್ತು" ಎಂದರು.

ಅನಸೂಯಮ್ಮ ಬಚ್ಚಲಲ್ಲಿದ್ದರು, ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ರಾಮಾಂಜಿನಪ್ಪನವರು ಹಿಂತಿರುಗಿದರು. ಬೀದಿ ನಲ್ಲಿಯ ಹತ್ತಿರ ಗಂಗುಲಮ್ಮನ ಕೊಡ ಮಾತ್ರ ತುಂಬಿ ಹರಿಯತೊಡಗಿತು, ಆಕೆಗೆ ಅದರ ಪರಿವೆಯೇ ಇರಲಿಲ್ಲ. ಗಂಗುಲಮ್ಮನ ಬಾಯಿಗೆ ಬಿದ್ದ ಸುದ್ದಿ ಟ್ರಂಕ್ ಕಾಲ್‌ಗಿಂತ ಬೇಗ ಚಿಂತಾಮಣಿ ಮುಟ್ಟುತ್ತಿದ್ದ ಕಾಲವದು. ಮೊಸರು ಕೇಳಲು ಹೋದವರ ಕೈಯಲ್ಲಿ ಲೋಟ ಇರಬೇಡವೇ ಎಂಬುದು ಆಕೆ ಮನೆಮನೆಗೂ ಕೊಟ್ಟ ಸಾಕ್ಷಿ.

ಹತ್ತು ಗಂಟೆಗೆ ಬಜಾರಿಗೆ ಹೋದ ರಾಮಾಂಜಿನಪ್ಪನವರನ್ನು ಕಂಡ ಕಂಡವರೆಲ್ಲ ನಿಲ್ಲಿಸಿ ಕೈಕುಲುಕಿದರು. ಊರೆಲ್ಲ ಮದುವೆಯ ಮಾತಾಡುತ್ತಿದೆಯೆಂದು ತಿಳಿದ ಕೂಡಲೇ, ತಾನು ಕೇಳಿದ್ದು ಬರೀ ತೋಡು ಎಂದು ಗೋಗರೆದರು. ಅದನ್ನೇ ತಾನೆ ನಾವೂ ಹೇಳುತ್ತಿರುವುದು ಎಂದು ಜನ ನಕ್ಕರು. ಕೊನೆಗೆ ಕನ್ನಡದ ಪದ ನೆನಪಾಗಿ, "ಹೆಪ್ಪು ಕಣ್ರಯ್ಯ, ಹೆಪ್ಪು" ಎಂದರು.

"ಓ, ಆಗ್ಲೇ ಹೆಪ್ಪು ಹಾಕಿದ್ದೂ ಆಯ್ತಾ?" ಎಂದ ಕ್ಷೌರದ ಚಲಪತಿ, ಅವರನ್ನು ಕೈಹಿಡಿದು ಕುರ್ಚಿಗೆ ಕೂರಿಸಿದ. ಗಡ್ಡ ಕೆರೆದವನು ಕೇಳದೆಯೇ ಮೀಸೆಗೂ ಕಪ್ಪು ಬಳಿದ.

ರೇಗಬೇಕೆಂದು ರಾಮಾಂಜಿನಪ್ಪನವರು ಕನ್ನಡಿ ನೋಡಿದರು. ಯಾಕೋ ರೇಗಲಾಗಲಿಲ್ಲ. ಕಪ್ಪು ಮೀಸೆ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಮನೆ ಸಾಕಾಗಿತ್ತು. ತಿಂದೆಯಾ ಎನ್ನುವವರಿಲ್ಲ, ಆಡಿದ ಮಾತಿಗೆ ಹೂಂ ಎನ್ನುವವರಿಲ್ಲ. ಎಷ್ಟೋ ಸಂಜೆ ರೇಡಿಯೋದಲ್ಲಿ ವಾರ್ತೆ ಓದುವವರಿಗೇ ಉತ್ತರ ಕೊಡುತ್ತಿದ್ದರು. ತಪ್ಪಿ ಆಡಿದ ಮಾತೇ ಸರಿಯಾದ ಮಾತೇನೋ ಎಂದು ಮಧ್ಯಾಹ್ನದ ಹೊತ್ತಿಗೆ ಅನ್ನಿಸತೊಡಗಿತು. ಸಂಜೆಗೆ ಅನುಮಾನವೇ ಉಳಿಯಲಿಲ್ಲ. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಒಂದು ಮೊಳ ಮಲ್ಲಿಗೆ ಕೊಂಡು, ನಾಚಿಕೆಯಾಗಿ ಅದನ್ನು ಜೇಬಿಗೆ ತುರುಕಿಕೊಂಡು ಅನಸೂಯಮ್ಮನ ಬಾಗಿಲಿಗೆ ಬಂದರು. ಬೀದಿಗೆ ಬೀದಿಯೇ ಜಗಲಿಗಳ ಮೇಲೆ ಕೂತಿತ್ತು.

ಅನಸೂಯಮ್ಮ ಕಾಯುತ್ತಿದ್ದವರಂತೆ ಬಾಗಿಲು ತೆರೆದರು. "ಗಂಗುಲಮ್ಮ ಎಲ್ಲಾ ಹೇಳಿದ್ಲು. ಈ ವಯಸ್ನಲ್ಲಿ ಬಾಯ್ಬಿಟ್ಟು ತೋಡು ಬೇಕು ಅಂತ ಕೇಳೋಕೆ ಧೈರ್ಯ ಬೇಕು ಕಣಪ್ಪ. ಬೆಳಗಿಂದ ಯೋಚ್ನೆ ಮಾಡ್ದೆ. ನನಗೆ ಪೂರ್ತಿ ಒಪ್ಪಿಗೆ."

ರಾಮಾಂಜಿನಪ್ಪನವರ ಕೈ ತಾನಾಗಿ ಮಲ್ಲಿಗೆಯತ್ತ ಹೋಯಿತು. ಜಗಲಿಯ ಮೇಲೆ ಯಾರೋ ಚಪ್ಪಾಳೆ ತಟ್ಟಿದರು.

"ಹಾಸಿಗೆ, ಪೆಟ್ಟಿಗೆ ಎಲ್ಲಾ ಕಟ್ಟಿಟ್ಟಿದೀನಿ" ಎಂದ ಅನಸೂಯಮ್ಮ ಒಳಗೆ ತಿರುಗಿ, "ಅಣ್ಣ, ಬಾ, ಕರ್ಕೊಂಡೋಗೋಕೆ ಬಂದಿದಾರೆ" ಎಂದು ಕೂಗಿದರು.

ಒಳಗಿನಿಂದ ಹಾಸಿಗೆಯ ಸುರುಳಿ ಹೊತ್ತು ಕೋನಪ್ಪ ಬಂದರು. ಹೆಂಡತಿ ಸತ್ತ ಮೇಲೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಮಂಚೇನಹಳ್ಳಿಯಿಂದ ತಂಗಿಯ ಮನೆಗೆ ಬಂದು, ನಾಲ್ಕು ವರ್ಷದಿಂದ ಅಲ್ಲೇ ಬೇರುಬಿಟ್ಟಿದ್ದ ಅಣ್ಣ. ಅವರು ಮಾತಿಗೆ ಕೂತರೆಂದರೆ ಊರಲ್ಲಿ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು.

"ನಿಮಗೂ ಯಾರೂ ಇಲ್ಲ, ಅಣ್ಣನಿಗೂ ಯಾರೂ ಇಲ್ಲ. ಒಬ್ಬರಿಗೊಬ್ಬರು ತೋಡು" ಎಂದು ಅನಸೂಯಮ್ಮ ನೆಮ್ಮದಿಯಿಂದ ಬಾಗಿಲು ಹಾಕಿಕೊಂಡರು.

ಕೋನಪ್ಪ ರಾಮಾಂಜಿನಪ್ಪನವರ ತೋಳು ಹಿಡಿದು ಹೊರಟೇಬಿಟ್ಟರು. "ಗೌರಿಬಿದನೂರಲ್ಲಿ ನನಗೆ ಮೂಲವ್ಯಾಧಿ ಆಪರೇಷನ್ ಆಗಿದ್ದು ನಿಮಗೆ ಹೇಳಿಲ್ಲ ಅಲ್ವಾ? ಮೊದಲಿಂದ ಹೇಳ್ತೀನಿ."

ಹೇಳಿದ್ದೀರಿ, ಎಷ್ಟೋ ಸಲ ಹೇಳಿದ್ದೀರಿ ಎನ್ನಲು ರಾಮಾಂಜಿನಪ್ಪನವರು ಬಾಯಿ ತೆರೆದರು. ಕೋನಪ್ಪ ಆಗಲೇ ಆಸ್ಪತ್ರೆಯ ಗೇಟು ದಾಟಿದ್ದರು.